ಕನೆಕ್ಷನ್ ಯಾರ ಹೆಸರಿಗೆ

ಹೊಸ ಮನೆಗೆ ಬಂದ ಮೊದಲ ವಾರವೆಲ್ಲ ಅತ್ತೆ, ಸೊಸೆ ಆಫೀಸಿನಿಂದ ಆಫೀಸಿಗೆ ಅಲೆದರು. ಮನೆಯೆಂದರೆ ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ. ಹಳೆಯ ಮನೆಯಲ್ಲಿ ಅತ್ತೆಯ ಮಗ, ಸೊಸೆಯ ಗಂಡ ಇದ್ದ. ಜ್ವರವೆಂದು ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಇಬ್ಬರಿಗೂ ಉಸಿರುಕಟ್ಟತೊಡಗಿತು. "ಬೇರೆ ಕಡೆ ಹೋಗೋಣ ಕಣೇ" ಎಂದವರು ಅತ್ತೆಯೇ.

ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅತ್ತೆ ಮನೆಯಲ್ಲೇ ಬಟ್ಟೆ ಹೊಲಿಯುವವರು. ಬಾಯಿ ಅವರ ಕತ್ತರಿಯಷ್ಟೇ ಹರಿತ.

ಕರೆಂಟಿನ ಆಫೀಸಿನಲ್ಲಿ ಗುಮಾಸ್ತ ತಲೆಯೆತ್ತದೆ ಕೇಳಿದ: "ಕನೆಕ್ಷನ್ ಯಾರ ಹೆಸರಿಗೆ?"

ಸೊಸೆ ತನ್ನ ಗುರುತಿನ ಚೀಟಿ ತೆಗೆಯುತ್ತಿದ್ದಳು. ಅತ್ತೆ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದರು. "ನನ್ನ ಹೆಸರಿಗೆ."

"ಬಿಲ್ಲು ಮೊಬೈಲಿಗೆ ಬರುತ್ತಜ್ಜಿ. ನೋಡ್ಕೊಳ್ಳೋಕಾಗುತ್ತಾ? ಅವರ ಹೆಸರಿಗೇ ಹಾಕಿಸ್ಬಿಡಿ."

"ಸೂಜಿಗೆ ದಾರ ಪೋಣಿಸೋಳಿಗೆ ನಿನ್ನ ಮೆಸೇಜ್ ಕಾಣ್ಸಲ್ವೇನಪ್ಪಾ? ಬರ್ಕೋ, ಬರ್ಕೋ."

ಸಾಲಿನಲ್ಲಿದ್ದವರು ನಕ್ಕರು. ಸೊಸೆಯೂ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತ್ತು.

ಮಾರನೆಯ ದಿನ ನೀರಿನ ಆಫೀಸಿನಲ್ಲಿ ಆ ನಗು ಇಂಗಿಹೋಯಿತು. ಅಲ್ಲಿ ಹೆಸರಿನ ಜೊತೆಗೆ, ಮನೆಯಲ್ಲಿ ಎಷ್ಟು ಜನ ಎಂದೂ ಕೇಳಿದರು.

"ಒಬ್ಬಳೇ" ಎಂದರು ಅತ್ತೆ.

ಗುಮಾಸ್ತೆ ಸೊಸೆಯ ಮುಖ ನೋಡಿದಳು. ಅತ್ತೆ ನೋಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯಾಚೆ ನೋಡುತ್ತಾ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೋ, ಹಾಲಿನವನಿಗೆ ಯಾರು ಹೇಳಬೇಕೋ ಎಂದು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡರು.

ಎರಡು ದಿನ ಬಿಟ್ಟು ಗ್ಯಾಸಿನವನು ಬಂದ. ಸಿಲಿಂಡರಿಗೆ ಪೈಪು ಸೇರಿಸಿ, ಸೋಪಿನ ನೊರೆ ಬಳಿದು ಸೋರುತ್ತಿಲ್ಲವೆಂದು ತೋರಿಸಿ, ಒಲೆ ಹಚ್ಚಿಕೊಟ್ಟ. ಅವನಿಗೂ ಅತ್ತೆ ತಮ್ಮ ಹೆಸರನ್ನೇ ಬರೆಸಿ, ತಮ್ಮ ನಂಬರನ್ನೇ ಕೊಟ್ಟರು. ಅವನು ಮೆಟ್ಟಿಲಿಳಿದದ್ದೇ ತಡ, ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೆ, ನಾನೇನು ಈ ಮನೇಗೆ ನೆಂಟಳಾ?"

"ಏನೇ ಅದು ಮಾತು?"

"ಕರೆಂಟು, ನೀರು, ಗ್ಯಾಸು ಎಲ್ಲಾ ನಿಮ್ಮ ಹೆಸರಿಗೇ ಇರ್ಲಿ, ನನಗೇನೂ ಇಲ್ಲ. ಆದ್ರೆ ಮನೇಲಿ ಒಬ್ಬಳೇ ಅಂದ್ರಲ್ಲ? ನಾನು ಪಕ್ಕದಲ್ಲೇ ನಿಂತಿದ್ದೆ. ನಿಮ್ಮ ಮಗ ಹೋದ್ರೆ ನಾನೂ ಹೋದ ಲೆಕ್ಕಾನಾ?"

ಅತ್ತೆ ಟೀಗೆ ನೀರಿಟ್ಟರು. ಉರಿ ಸಣ್ಣದು ಮಾಡಿದರು. ಆಮೇಲೆ ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು:

"ಅವನ ಹೆಸರು ತೆಗ್ಸೋಕೆ ಒಂದೊಂದು ಆಫೀಸಿಗೂ ಹೋದವಳು ನೀನು. ಹೋದಲ್ಲೆಲ್ಲ ಅವನಿಲ್ಲ ಅಂತ ನಿನ್ನ ಬಾಯಲ್ಲೇ ಹೇಳ್ಬೇಕಾಯ್ತು. ಬಂದವಳೇ ಮುಸುಕೆಳ್ಕೊಂಡು ಮಲಗ್ತಿದ್ದೆ. ಮುಸುಕು ಅದುರೋದು ನನಗೆ ಕಾಣ್ತಿತ್ತು ಕಣೇ."

ಸೊಸೆ ಎರಡು ಲೋಟ ತೊಳೆದಿಟ್ಟಳು.

"ನಿನಗಿನ್ನೂ ವಯಸ್ಸಿದೆ. ಇವತ್ತಲ್ಲ ನಾಳೆ ಇಲ್ಲಿಂದ ಹೋಗ್ತೀಯ. ಆವತ್ತು ನಿನ್ನ ಹೆಸರು ಇಲ್ಲೆಲ್ಲೂ ಸಿಕ್ಕಾಕ್ಕೊಂಡಿರಬಾರ್ದು. ಮತ್ತೆ ಆ ಕಿಟಕಿಗಳ ಮುಂದೆ ನಿಲ್ಲೋ ಕೆಲ್ಸ ಬೇಡ. ಕೈಬೀಸ್ಕೊಂಡು ಹೋಗು."

"ನಾನೆಲ್ಲೂ ಹೋಗಲ್ಲ."

"ಹೋಗ್ತೀಯ. ನಾನೇ ಕಳಿಸ್ತೀನಿ."

"ಹಾಗಾದ್ರೆ ಎರಡು ರೂಮಿನ ಮನೆ ಯಾಕೆ ಹುಡುಕಿದ್ರಿ?"

ಟೀ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಒರೆಸಲೆಂದು ಅತ್ತೆ ಬಟ್ಟೆ ಹಿಡಿದರು. ಸೊಸೆ ಬಟ್ಟೆ ಇಸಿದುಕೊಂಡು ತಾನೇ ಒರೆಸಿದಳು. ಆ ದಿನ ಇಬ್ಬರೂ ಟೀ ಕುಡಿಯಲಿಲ್ಲ.

ಎರಡು ವರ್ಷ ಕಳೆಯಿತು. ಆಸ್ಪತ್ರೆಯ ಔಷಧಿ ಅಂಗಡಿಯವನು ಸೊಸೆಯನ್ನು ಮದುವೆಯಾಗುವೆಯಾ ಎಂದು ಕೇಳಿದ. ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ. ಅತ್ತೆಗೆ ಹೇಗೋ ಸುಳಿವು ಸಿಕ್ಕಿ, ತಲೆನೋವಿನ ಮಾತ್ರೆ ಕೊಳ್ಳುವ ನೆಪದಲ್ಲಿ ಹೋಗಿ ನೋಡಿಕೊಂಡು ಬಂದರು.

"ಮನುಷ್ಯ ಪರವಾಗಿಲ್ಲ. ಅಂಗಿಗೆ ಎರಡು ಗುಂಡಿ ಇಲ್ಲ, ಅಷ್ಟೇ" ಎಂದರು.

ಮದುವೆಯಾಗಿ ಅವಳು ಹೊರಟ ದಿನ ಅತ್ತೆ ಅಳಲಿಲ್ಲ. ಚಪ್ಪಲಿ ಇಟ್ಕೊಂಡ್ಯಾ, ಸ್ವೆಟರ್ ಇಟ್ಕೊಂಡ್ಯಾ ಎಂದು ಗದರುತ್ತಲೇ ಇದ್ದರು. ಗಾಡಿ ತಿರುವಿನಲ್ಲಿ ಹೊರಳುವಾಗ ಅವಳು ಹಿಂತಿರುಗಿ ನೋಡಿದಳು. ಬಾಗಿಲು ಆಗಲೇ ಮುಚ್ಚಿತ್ತು. ಆವತ್ತಿಡೀ ಅತ್ತೆ ಯಾರಿಗೂ ಬಾಗಿಲು ತೆಗೆಯಲಿಲ್ಲವೆಂದು ಆಮೇಲೆ ಪಕ್ಕದ ಮನೆಯಾಕೆ ಹೇಳಿದಳು.

ಸುಮಾರು ದಿನ ಅತ್ತೆ ತಾವಾಗಿ ಫೋನು ಮಾಡಲಿಲ್ಲ. ಇವಳು ಮಾಡಿದರೆ "ಕೆಲಸ ಇದೆ, ಇಡ್ತೀನಿ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರೇ ಮಾಡಿದರು.

"ಪಾತ್ರೆ ತೊಳೆಯೋ ಕಡೆ ನಲ್ಲಿ ಸೋರ್ತಿದೆ ಕಣೇ. ಪ್ಲಂಬರ್ ನಂಬರ್ ಇದ್ರೆ ಕೊಡು."

"ಭಾನುವಾರ ನಾನೇ ಬಂದು ನೋಡ್ತೀನಿ ಅತ್ತೆ."

"ನೀನೇನು ಪ್ಲಂಬರಾ? ನಂಬರ್ ಕೊಡು ಸಾಕು."

ಕೊಟ್ಟಳು. ಅತ್ತೆ ಬರೆದುಕೊಂಡರು, ಸರಿಯಾಗಿದೆಯೇ ಎಂದು ಓದಿ ಹೇಳಿದರು. ಆದರೆ ಫೋನು ಇಡಲಿಲ್ಲ. ಇವಳೂ ಇಡಲಿಲ್ಲ. ಆ ಕಡೆ ಪಾತ್ರೆಯೊಳಗೆ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಬರೋದಾದ್ರೆ ಅವನನ್ನೂ ಕರ್ಕೊಂಡು ಬಾ" ಎಂದರು ಅತ್ತೆ. "ಆ ಗುಂಡಿ ಇಲ್ಲದ ಅಂಗಿ ತರೋಕೆ ಹೇಳು."