ಮಡೆಪ್ಪನ ರೇಸಿನ ಸೈಕಲ್ಲು

“ಅವನ್ನ ಅಲ್ಲೇ ರಸ್ತಾದಾಗ ನಿಲ್ಲಸ್ರಿ,” ಎಂದು ಜ್ಞಾನೇಶ್ವರ ಕೈ ಅಡ್ಡ ಹಿಡಿದ. ಅಂಗಳದಲ್ಲಿ ಅವನ ಅಪ್ಪನಾದ ಮಡೆಪ್ಪನ ಹೆಣಕ್ಕೆ ಮನೆಯವರು ಸ್ನಾನ ಮಾಡಿಸುತ್ತಿದ್ದರು. ಹುಮನಾಬಾದಿನಿಂದ ಸೈಕಲ್ಲು ತುಳಿದುಕೊಂಡೇ ಬಂದಿದ್ದ ಒಂಬತ್ತು ಮಂದಿ ಬಾಗಿಲಲ್ಲಿ ನಿಂತರು. ಎಲ್ಲವೂ ಹಳೆಯ ರೇಸಿನ ಸೈಕಲ್ಲುಗಳು. ತೆಳ್ಳನೆಯ ಚಕ್ರ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು.

ಧೋತರ ಉಟ್ಟ ಕುರಿಗಾರನೊಬ್ಬ ಅಂಥದ್ದರ ಮೇಲೆ ಬಗ್ಗಿ ಕೂರುವುದು ಊರಿನವರಿಗೆ, ಮಂಠಾಳದವರಿಗೆ, ತಮಾಷೆಯಾಗಿತ್ತು. ಅದಕ್ಕೇ ಮಡೆಪ್ಪ ಪ್ರತಿ ಐತವಾರ ಊರು ದಾಟುವ ತನಕ ಸೈಕಲ್ಲು ತಳ್ಳಿಕೊಂಡೇ ಹೋಗುತ್ತಿದ್ದ. ಮಣ್ಣು ಕೊಡುವ ದಿನವಾದರೂ ಮಂದಿ ನಗುವುದು ಬೇಡ ಎಂಬುದು ಮಗನ ಮಾತು.

ಗಂಗುಬಾಯಿ ಗಂಡನ ಕಾಲಬಳಿಯಿಂದ ತಲೆ ಎತ್ತಿದಳು. “ಬರ್ಲಿ ಬಿಡೋ. ಗೌಸ, ಏಳು ವರ್ಷ ಆತು, ನಿನ್ನ ದುಕಾನಕ್ಕ ಬರತಿದ್ದ. ಅಲ್ಲಿ ಏನ್ ಮಾಡತಿದ್ದ ಅಂತ ಇವತ್ತರ ಹೇಳು.”

ಸೈಕಲ್ ರಿಪೇರಿಯ ಗೌಸ ತನ್ನ ಸೈಕಲ್ಲು ಹೊರಗೇ ಬಿಟ್ಟು ಬಂದು ಅವಳೆದುರು ಕುಕ್ಕುರುಗಾಲಲ್ಲಿ ಕೂತ.

*

ನಾರಾಯಣಪುರದ ಕಡೆ ಕುರಿ ಮೇಯಿಸುವಾಗ ಮಡೆಪ್ಪನಿಗೆ ಅದು ಕಂಡಿತ್ತು. ಯಾರದೋ ದೊಡ್ಡಿಯ ಬೇಲಿಯ ಕಂಡಿಗೆ ತುಕ್ಕು ಹಿಡಿದ ಸೈಕಲ್ ಫ್ರೇಮೊಂದನ್ನು ತುರುಕಿದ್ದರು. ಹೆದ್ದಾರಿಯಲ್ಲಿ ಗೌಸ ಹೊಡೆಯುವುದನ್ನು ಅವನು ನೋಡಿದ್ದ ರೇಸಿನ ಸೈಕಲ್ಲಿನದೇ ಆಕಾರ. ಮರುದಿನವೇ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ, ಗೌಸನ ಅಂಗಡಿಯ ನೆಲದ ಮೇಲೆ ಇದ್ದಿಲಿನಿಂದ ಅದರ ಚಿತ್ರ ಬರೆದು ತೋರಿಸಿದ. ಗೌಸ ಅರ್ಧ ಪಂಕ್ಚರ್ ಹಾಗೇ ಬಿಟ್ಟು ಎದ್ದ.

ದೊಡ್ಡಿಯವನಿಗೆ ಮಡೆಪ್ಪ ಜಾಲಿಯ ಗಟ್ಟಿ ಗೇಟು ಕಟ್ಟಿಕೊಟ್ಟು ಫ್ರೇಮು ಬಿಡಿಸಿಕೊಂಡ. ತುಕ್ಕು ಉಜ್ಜಿದಂತೆ ಹಸಿರು ಬಣ್ಣ, ಅದರ ಮೇಲೆ ಕೂದಲೆಳೆಯಷ್ಟು ಬಂಗಾರದ ಗೆರೆ ಹೊರಬಂದವು. ಗೌಸ ಉಗುರಿನಿಂದ ಬಾರಿಸಿದ. ಫ್ರೇಮು ಗಂಟೆಯಂತೆ ನುಡಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಗೌಸನ ಜೊತೆ ಸೈಕಲ್ಲು ಹೊಡೆಯುವ, ಐಟಿಐಯಲ್ಲಿ ಲೇತ್ ಯಂತ್ರದ ಕೆಲಸ ಕಲಿಸುವ ಮಹಜಬೀನ್ ಸಿಗದ ತಿರುಪುಗಳನ್ನು ತಾನೇ ಕಡೆದುಕೊಟ್ಟಳು. ಬ್ರೇಕು ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿತು. ನಾಲ್ಕು ತಿಂಗಳು ಹಿಡಿಯಿತು. ಮೊದಲ ಸಲ ಹೆದ್ದಾರಿಯ ಇಳಿಜಾರಿನಲ್ಲಿ ಬಿಟ್ಟಾಗ ಮಡೆಪ್ಪ ಬ್ರೇಕು ಮುಟ್ಟಲಿಲ್ಲ. ಧೋತರ ಪಟಪಟ ಹೊಡೆದುಕೊಳ್ಳುತ್ತಿತ್ತು. ಚದುರಿದ ಕುರಿಗಳನ್ನು ಕರೆಯುವ ಹಾಗೆ ‘ಹುರ್‍ರೋ’ ಎಂದು ಕೂಗಿಕೊಂಡು ಲಾರಿಯೊಂದನ್ನು ಹಿಂದೆ ಹಾಕಿದ. ಗೌಸನಿಗೆ ಬೆನ್ನು ಹತ್ತಲು ಆಗಲಿಲ್ಲ.

*

“ಲಾರಿ?” ಎಂದಳು ಗಂಗುಬಾಯಿ.

“ಹೌದ್ರಿ ಭಾಬಿ. ಖಾಲಿ ಲಾರಿ.”

ಮಹಜಬೀನ್ ಮುಂದೆ ಬಂದು, ಇಲ್ಲಿ ನಿಂತ ಒಂಬತ್ತೂ ಸೈಕಲ್ಲುಗಳ ಚಕ್ರದ ಬೆಂಡು ತೆಗೆದವನು ಅವನೇ ಎಂದಳು. ಕಣ್ಣು ಮುಚ್ಚಿ ಚಕ್ರ ತಿರುಗಿಸುತ್ತಿದ್ದ. ಹಿಂಡಿನಲ್ಲಿ ಕುಂಟುವ ಕುರಿಯ ಹೆಜ್ಜೆ ಕಿವಿಗೆ ಸಿಗುವ ಹಾಗೆ, ಸಡಿಲಾದ ಕಡ್ಡಿ ಅವನಿಗೆ ಸಿಗುತ್ತಿತ್ತು. “ಕಾಕಾಗ ಎಲ್ಲಾರೂ ಉಸ್ತಾದ್ ಅಂತಿದ್ದಿವ್ರಿ.”

ಜ್ಞಾನೇಶ್ವರ ಅಡ್ಡ ಹಿಡಿದಿದ್ದ ಕೈ ಇಳಿಸಿದ. ಸ್ವಲ್ಪ ಹೊತ್ತಿಗೆ ತಾನೇ ಒಳಗೆ ಹೋಗಿ ಹಸಿರು ಸೈಕಲ್ಲನ್ನು ಹೊರತಂದ.

ಮಧ್ಯಾಹ್ನ ಹೊಲದಲ್ಲಿ ಮಣ್ಣು ಕೊಟ್ಟು ಎಲ್ಲರೂ ರಸ್ತೆಗೆ ಬಂದರು. ಹುಮನಾಬಾದಿನವರು ಹೊರಡಲು ಸಜ್ಜಾದರು. ಗಂಗುಬಾಯಿ ಮಗ ತಳ್ಳಿಕೊಂಡು ಬಂದಿದ್ದ ಹಸಿರು ಸೈಕಲ್ಲಿನ ಸೀಟು ಮುಟ್ಟಿ ಮಹಜಬೀನಳತ್ತ ತಿರುಗಿದಳು. “ಅಂವ ತಳ್ಳೂದಷ್ಟೇ ನೋಡೇನಿ. ಒಮ್ಮಿ ಓಡ್ಸಿ ತೋರ್ಸವ್ವಾ. ಜೋರಾಗಿ.”

ಮಹಜಬೀನ್ ತನ್ನ ಸೈಕಲ್ಲನ್ನು ಜ್ಞಾನೇಶ್ವರನ ಕೈಗೆ ಕೊಟ್ಟು ಹಸಿರು ಸೈಕಲ್ಲು ಹತ್ತಿದಳು. ಒಂಬತ್ತೂ ಮಂದಿ ಇಳಿಜಾರಿಗೆ ಬಿಟ್ಟರು. ಧೂಳೆದ್ದಿತು, ಚಕ್ರಗಳು ಗುಂಯ್ ಎಂದವು. ಮಣ್ಣಿಗೆ ಬಂದವರು ರಸ್ತೆಯ ಎರಡೂ ಬದಿ ನಿಂತು ಕತ್ತು ಚಾಚಿದರು. ಗಂಗುಬಾಯಿ ಹೊಲದ ಒಡ್ಡು ಹತ್ತಿ ಬೆರಳ ತುದಿಯಲ್ಲಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಗಾಳಿಗೆ ಜಾರಿ ಹಾರುತ್ತಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.