ಮುತ್ತಪ್ಪನ ಮೂರು ಕೆಮ್ಮು

ಇಳಕಲ್ಲಿನ ಅಂಚಿನಲ್ಲಿರುವ ಕಲ್ಲಿನ ಕ್ರಷರಿನ ಮ್ಯಾನೇಜರ್ ಮುತ್ತಪ್ಪ ಕೆಮ್ಮದೆ ಅಪ್ಪಣೆ ಕೊಟ್ಟವನೇ ಅಲ್ಲ. ಎರಡು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮು, ಆಮೇಲೆ ಮಾತು. ಏಳು ವರ್ಷದ ಕಲ್ಲುಪುಡಿ ಅವನ ಎದೆಯೊಳಗೆ ಕೂಡಿಸಿದ ಸಂಗೀತ ಅದು. ಕ್ರಷರಿನ ಗೋಡೆಗೆ ಹತ್ತಿಕೊಂಡ ಮನೆಯ ಶೈಲಶ್ರೀಗೆ ಅದು ಬಾಯಿಪಾಠ. ವಿದ್ಯಾಗಿರಿಯ ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ದನಿ ತೆಗೆದು ಬಹುಮಾನ ಹೊಡೆದವಳು ಆಕೆ.

ಈಚೆಗೆ ಮಾತ್ರ ಆಕೆಗೆ ನಗು ಬರುತ್ತಿರಲಿಲ್ಲ. ಅಜ್ಜಿ ಯಮನವ್ವನಿಗೆ ಉಬ್ಬಸ. "ಈ ಧೂಳಿನಾಗ ಇದ್ರ ಔಷಧ ನಾಟೂದಿಲ್ಲ," ಎಂದಿದ್ದರು ಡಾಕ್ಟರು. ಬಾದಾಮಿಯ ಮಗಳ ಮನೆಗೆ ಹೊರಡಲು ಅಜ್ಜಿಯ ಚೀಲ ತಯಾರಾಗಿತ್ತು. ಐವತ್ತು ವರ್ಷ ನೇಯ್ದ ಮಗ್ಗ ಮಾತ್ರ ಚೀಲದೊಳಗೆ ಹಿಡಿಯುವಂಥದ್ದಲ್ಲ. ಗಂಜಿ ಹಚ್ಚಿ ಓಣಿಯಲ್ಲಿ ಚಾಚಿದ ಬಿಳಿ ನೂಲು ಒಣಗುವುದರೊಳಗೆ ಕಂದಾಗುತ್ತಿತ್ತು. "ಬಣ್ಣದ ಖರ್ಚು ಉಳೀತ ನೋಡು," ಎಂದು ಅಜ್ಜಿ ಸಿಳ್ಳಿನಂಥ ಉಸಿರಿನಲ್ಲೇ ನಗುವಳು.

ಶೈಲಶ್ರೀ ದೂರು ಕೊಟ್ಟ ಮೇಲೆ ಗಾಳಿ ತಪಾಸಣೆಯ ಸಾಹೇಬರು ಎರಡು ಸಲ ಬಂದಿದ್ದರು. ಅವರು ಆಕೆಯ ಮನೆಯ ಮಾಳಿಗೆಯ ಮೇಲೆ ಧೂಳು ಹಿಡಿಯುವ ಡಬ್ಬಿ ಇಟ್ಟರೆ ಸಾಕು, ಕ್ರಷರು ಬಂದ್. ಡಬ್ಬಿಯೊಳಗಿನ ಕಾಗದ ಹಾಲಿನಂತೆ ಬೆಳ್ಳಗೇ ಉಳಿಯುತ್ತಿತ್ತು. ಮೂರನೆಯ ಸಲವೂ ಜೀಪು ಕಂಡದ್ದೇ ತಡ, ಮುತ್ತಪ್ಪ ಆಪರೇಟರ್ ಖಾದರಬಾಷಾಗೆ, "ನಾ ಹೇಳೂತನಕ ಮಷೀನ್ ಹಚ್ಚಬ್ಯಾಡ," ಎಂದು ಹೇಳಿ ಹುನಗುಂದಕ್ಕೆ ಮದುವೆ ಊಟಕ್ಕೆ ಹೋದ.

ಸಾಹೇಬರು ಮಾಳಿಗೆಯ ಮೇಲೆ ಚಹಾ ಕುಡಿಯುತ್ತಿದ್ದರು. ಶೈಲಶ್ರೀ ಹಿತ್ತಲಿಗಿಳಿದು ಗೋಡೆಗೆ ಮುಖ ಕೊಟ್ಟು ನಿಂತಳು. ಎರಡು ಗಿಡ್ಡ, ಒಂದು ಉದ್ದ.

"ಖಾದರ್ಯಾ, ಹಚ್ಚಲೇ. ಹೋದ್ರು ಅವ್ರು."

"ಹಚ್ಚಿದೆ ರೀ," ಎಂದಿತು ಗೋಡೆಯಾಚೆಯ ದನಿ.

ಸಂಜೆ ಮುತ್ತಪ್ಪ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಮರಳಿದಾಗ ಕ್ರಷರು ಗುಡುಗುತ್ತಿತ್ತು. ಸಾಹೇಬರ ಕೈಯಲ್ಲಿದ್ದ ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

"ನಾ ಯಾವಾಗ ಹಚ್ಚಂದಿದ್ನಿ?"

"ಕೆಮ್ಮಿ ಹೇಳಿದ್ರಲ್ರಿ," ಎಂದ ಖಾದರಬಾಷಾ. "ಆ ಕೆಮ್ಮು ಜಿಲ್ಲಾದಾಗ ಮತ್ತ್ಯಾರಿಗೈತಿ?"

ಉತ್ತರ ಕೊಡಲು ಮುತ್ತಪ್ಪ ಬಾಯಿ ತೆರೆದ. ಕೆಮ್ಮೇ ಬಂತು. ನೋಟಿಸು ಬರೆಯುತ್ತಿದ್ದ ಸಾಹೇಬರು ತಲೆ ಎತ್ತಿದರು. "ಮೊದ್ಲ ದವಾಖಾನಿಗೆ ಹೋಗ್ರಿ. ಇದಕ್ಕ ಉತ್ತರ ಆಮ್ಯಾಲೆ ಕೊಡೀರಂತ."

ಎರಡು ತಿಂಗಳಲ್ಲಿ ಕ್ರಷರಿಗೆ ತಗಡಿನ ಹೊದಿಕೆ ಬಂತು, ಕಲ್ಲಿನ ಮೇಲೆ ನೀರು ಚಿಮ್ಮುವ ಪೈಪು ಬಂತು. ಓಣಿಯ ನೂಲು ಬೆಳ್ಳಗೇ ಒಣಗಿತು. ಅಜ್ಜಿ ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

ಒಂದು ಬೆಳಿಗ್ಗೆ ಮುತ್ತಪ್ಪ ಬಾಗಿಲಿಗೆ ಬಂದ. ದನಿ ತೊಳೆದಿಟ್ಟಂತೆ ತಿಳಿಯಾಗಿತ್ತು.

"ತಂಗಿ, ಅವತ್ತು ಕೆಮ್ಮಿದಾಕಿ ನೀನ ಅಂತ ಗೊತ್ತೈತಿ."

ಶೈಲಶ್ರೀ ಅಜ್ಜಿಯ ಮುಖ ನೋಡಿದಳು. ಅಜ್ಜಿ ಲಾಳಿ ನೋಡಿದಳು.

"ಗುಳಿಗಿ ತಗೊಂಡು ನನ್ನ ಕೆಮ್ಮು ಹೋತು. ಈಗ ಖಾದರ್ಯಾ ನನ್ನ ಮಾತ ಕೇಳವಲ್ಲ. ಕೆಮ್ಮಿ ಹೇಳ್ರಿ, ಆವಾಗ ನಂಬ್ತೇನಿ ಅಂತಾನ. ನನ್ನ ಕೆಮ್ಮು ನನಗ ಒಂಚೂರು ಕಲಿಸ್ತಿ ಏನು?"

ಶೈಲಶ್ರೀ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. "ಮೊದ್ಲ ಎರಡು ಗಿಡ್ಡ."

"ಉದ್ದಂದು ಎದಿಯಿಂದ ಬರಬೇಕಪಾ," ಎಂದಳು ಯಮನವ್ವ ಮಗ್ಗದಿಂದ, ಒಂದೇ ಉಸಿರಿನಲ್ಲಿ.