ಪುಸ್ತಕದಂಗಡಿ ಬಾಗಿಲ ಕರಿಹಲಗೆ

ನಾನು ಒಂದು ಕರಿಹಲಗೆ. ಗದಗಿನ ಬಡಿಗೇರ ಮೌನೇಶಪ್ಪ ಪ್ಲೈವುಡ್ಡು ಕೊಯ್ದು, ಸುತ್ತ ಬೇವಿನ ಚೌಕಟ್ಟು ಹಾಕಿ, ಕಪ್ಪು ಬಣ್ಣ ಬಳಿದು ನನ್ನನ್ನು ಬಿಸಿಲಿಗೆ ನಿಲ್ಲಿಸಿದ. ಮೊದಲು ಹೋದದ್ದು ಒಂದು ಶಾಲೆಗೆ. ಕೆಲವು ವರ್ಷ ಮಗ್ಗಿ ಹೊತ್ತುಕೊಂಡು ನಿಂತೆ. ಗೋಡೆಗೆ ದೊಡ್ಡ ಹಲಗೆ ಬಂದಮೇಲೆ ನನ್ನನ್ನು ಹೊರಗೆ ಹಾಕಿದರು. ಆ ಶಾಲೆಯ ಕನ್ನಡ ಮಾಸ್ತರು ವೀರಭದ್ರಪ್ಪ ಕವಲೂರ ಆಗಷ್ಟೇ ನಿವೃತ್ತರಾಗಿ, ಮುಳಗುಂದ ನಾಕಾದ ಹತ್ತಿರದ ಓಣಿಯಲ್ಲಿ ಪುಸ್ತಕದಂಗಡಿ ತೆರೆದಿದ್ದರು. ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಒಯ್ದರು.

ಅಂದಿನಿಂದ ನನ್ನ ಜಾಗ ಅಂಗಡಿಯ ಮೆಟ್ಟಿಲ ಪಕ್ಕ. ಅಲ್ಲಿಂದ ಮನುಷ್ಯರ ಚಪ್ಪಲಿ, ಸೀರೆಯ ಅಂಚು, ಕೈಚೀಲಗಳೇ ಹೆಚ್ಚು ಕಾಣುತ್ತಿದ್ದವು. ತೆರೆದ ಬಾಗಿಲಿನಿಂದ ಅಂಗಡಿಯ ಒಳಗೂ ಕಾಣುತ್ತಿತ್ತು. ಯಾವ ಪುಸ್ತಕ ಬಂದಿದೆ, ಯಾರು ಕವಿತೆ ಓದುತ್ತಾರೆ, ಯಾರಿಗೆ ಸನ್ಮಾನ, ಎಲ್ಲವನ್ನೂ ಮಾಸ್ತರು ದುಂಡಗಿನ ಅಕ್ಷರದಲ್ಲಿ ನನ್ನ ಮೇಲೆ ಬರೆಯುತ್ತಿದ್ದರು. ಶನಿವಾರ ಸಂಜೆ ಒಳಗೆ ಕುರ್ಚಿ ಹಾಕಿದರೆ ಅವರ ಹೆಂಡತಿ ಅನಸೂಯಾ ಚಹಾ ಮಾಡಿ ಕೊಟ್ಟು ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದರು. ನಗುವ ಕಡೆ ಮೊದಲು ಕೇಳಿಸುವುದು ಅವರ ನಗುವೇ.

ಒಂದು ಗುರುವಾರ ಮುಂಜಾನೆ ಮಾಸ್ತರು ಬರೆದರು: ‘ಶನಿವಾರ ಸಂಜೆ ಐದೂವರೆಗೆ ಜುಬೇದಾ ಮುಲ್ಲಾ ಅವರು ತಮ್ಮ ಮೊದಲ ಕಥಾಸಂಕಲನದಿಂದ ಓದುತ್ತಾರೆ. ಎಲ್ಲರೂ ಬನ್ನಿ.’ ಜುಬೇದಾ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಓಣಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವರು ಅವರೇ. ಮಾಸ್ತರು ಕೈಯ ಸೀಮೆಸುಣ್ಣದ ಪುಡಿ ಝಾಡಿಸಿ ಒಳಗೆ ಹೋದರು. ಆಮೇಲೆ ಕುರ್ಚಿ ಬಿದ್ದ ಸದ್ದು ಬಂತು. ನಾಲ್ಕು ಜನ ಅವರನ್ನು ಎತ್ತಿ ಆಟೋದಲ್ಲಿ ಮಲಗಿಸಿದರು. ಅವರು ತಿರುಗಿ ಬರಲಿಲ್ಲ. ಆ ಶನಿವಾರ ಯಾರೂ ಓದಲಿಲ್ಲ.

ದಿನಕರ್ಮಗಳು ಮುಗಿದಮೇಲೆ ಅನಸೂಯಾ ಬಂದು ಶಟರ್ ಎತ್ತಿದರು. ದಿನಾ ಮುಂಜಾನೆ ನನ್ನ ಚೌಕಟ್ಟು ಹಿಡಿದು ಹೊರಗಿಡುವುದು, ಸಂಜೆ ಒಳಗಿಡುವುದು. ನನ್ನ ಮೇಲಿನದನ್ನು ಅವರು ಒರೆಸಲಿಲ್ಲ, ಓದಲೂ ಇಲ್ಲ. ಗಿರಾಕಿ ಕೇಳಿದ ಪುಸ್ತಕ ಕೊಡುತ್ತಿದ್ದರು. ಚಹಾ ಎದುರಿಗೇ ಆರಿ ಕೆನೆಗಟ್ಟುತ್ತಿತ್ತು. ಮೈದುನ ಗುರುಬಸಪ್ಪ ಮೆಟ್ಟಿಲ ಮೇಲೆ ನಿಂತು ಹೇಳಿದ:

“ವೈನಿ, ಇನ್ನ ಯಾರ ಸಲುವಾಗಿ ಈ ಅಂಗಡಿ? ಮೊಬೈಲಿನವ್ರು ಬಾಡಿಗಿಗೆ ಕೇಳಾಕತ್ತಾರ. ಈ ತಿಂಗಳದಾಗ ಹೇಳಿಬಿಡ್ರಿ.”

“ನೋಡೂಣು,” ಎಂದರು ಅನಸೂಯಾ. ಯಾರು ಏನು ಕೇಳಿದರೂ ಅದೇ ಮಾತು.

“ಒಂದ್ ಹನಿ ಕಣ್ಣೀರ ಹಾಕಿಲ್ಲ ನೋಡ್ರಿ,” ಎಂದು ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ಆಡಿಕೊಂಡು ಹೋದರು. ಅನಸೂಯಾರಿಗೂ ಕೇಳಿಸಿರಬೇಕು. ತಿರುಗಿ ನೋಡಲಿಲ್ಲ.

ಹೀಗಿರುವಾಗ ಒಂದು ಶನಿವಾರ ಓಣಿಗೆ ಹೊಸದಾಗಿ ಬಂದ ಹನುಮಂತಸಾ ಬಾಕಳೆ ಎಂಬ ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಒಳಗೆ ಕೂತರು.

“ಓದೂದು ಯಾವಾಗ ಚಾಲೂ ಮಾಡ್ತೀರಿ, ಬಾಯಾರ?”

“ಯಾವ ಓದೂದು?”

“ಹೊರಗ ಬರದೀರಲ್ರಿ, ಶನಿವಾರ ಐದೂವರೆಗೆ ಅಂತ.”

ಅನಸೂಯಾ ಹೊರಗೆ ಬಂದು ನನ್ನೆದುರು ನಿಂತರು. ಅಂದು ಮೊದಲ ಸಲ ಓದಿದರು. ಬಾಯಿಯ ಮೇಲೆ ಸೆರಗಿಡಲಿಲ್ಲ, ಗೋಡೆ ಹಿಡಿಯಲಿಲ್ಲ. ಓದಿ ಮುಗಿಸಿ, “ಇವತ್ತಿಲ್ರಿ. ಬರೂ ಶನಿವಾರ ಬರ್ರಿ,” ಎಂದರು. ಆ ಮಾತು ತಮ್ಮ ಬಾಯಿಂದ ಹೇಗೆ ಬಂತೆಂದು ಅವರಿಗೇ ತಿಳಿದಂತಿರಲಿಲ್ಲ. ಹಿರಿಯರು ಹೋದಮೇಲೂ ಅಲ್ಲೇ ನಿಂತಿದ್ದರು. ಮರುದಿನ ಜುಬೇದಾರನ್ನು ಕರೆಸಿದರು.

“ನನ್ನ ಕಡಿಂದ ಆಗೂದಿಲ್ಲ ಅಕ್ಕಾ,” ಎಂದರು ಜುಬೇದಾ. “ಸರ್ ನನ್ನ ಹೆಸರು ಬರದು ಒಳಗ ಹೋದವ್ರು. ಅವತ್ತಿಂದ ಆ ಪುಸ್ತಕ ಮುಟ್ಟಿಲ್ಲ ನಾನು.”

“ಮಂದಿಗೆ ಬರ್ರಿ ಅಂದೀನಿ, ಸಿಸ್ಟರ್. ಬಂದು ಓದ್ರಿ.”

ಆ ಶನಿವಾರ ಜುಬೇದಾ ಓದಿದರು. ಕೆಲವೇ ಜನ ಬಂದಿದ್ದರು. ಹುಟ್ಟಿದ ಕೂಸು ಉಳಿಯದೆ, ಬರಿಗೈಯಲ್ಲಿ ಬಸ್ಸು ಹತ್ತಿ ಊರಿಗೆ ಹೋಗುವ ಹೆಣ್ಣುಮಗಳ ಕತೆ. ಹನುಮಂತಸಾ ಕನ್ನಡಕ ತೆಗೆದು ಒರೆಸಿಕೊಂಡರು. ಅನಸೂಯಾ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಜನ ಹೋದಮೇಲೆ ಜುಬೇದಾ ಅಳುಕುತ್ತ ಕೇಳಿದರು, “ಹೆಂಗಿತ್ತಕ್ಕಾ?”

“ಸುಳ್ಳ ಯಾಕ ಹೇಳ್ಲಿ, ಸಿಸ್ಟರ್. ಕುಂತಿದ್ನಿ ಖರೆ, ಒಂದಕ್ಷರ ಕೇಳಿಸ್ಲಿಲ್ಲ.” ಖಾಲಿ ಕುರ್ಚಿಯೊಂದನ್ನು ಗೋಡೆಗೆ ಸರಿಸಿ, “ಮುಂದಿನ ಶನಿವಾರ ಅದನ್ನ ಇನ್ನೊಮ್ಮೆ ಓದ್ತೀರೇನು?” ಎಂದರು.

ಆಮೇಲೆ ಬಟ್ಟೆ ನೆನೆಸಿ ತಂದು ನನ್ನನ್ನು ಒರೆಸಿದರು. ಮೇಲಿನಿಂದ ಕೆಳಗೆ, ಮನೆಯ ಕಟ್ಟೆ ಒರೆಸಿದಂತೆ. ನೀರು ಬೆಳ್ಳಗೆ ನೆಲಕ್ಕೆ ಇಳಿಯಿತು. ನನ್ನ ಮೈ ಆರುವ ಮೊದಲೇ ಸೊಟ್ಟ ಅಕ್ಷರದಲ್ಲಿ ಬರೆದರು: ‘ಶನಿವಾರ. ಅದೇ ಕತೆ.’

ಜನ ನಕ್ಕರು. ಆದರೂ ಬಂದರು. ಅದೇ ಕತೆಯನ್ನು ಜುಬೇದಾ ಮತ್ತೆ ಓದಿದರು. ಅದರ ಮುಂದಿನ ವಾರವೂ ಓದಿದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಗುರುಬಸಪ್ಪನೂ ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತು ಕೇಳಿ, ಬಾಡಿಗೆಯ ಮಾತೆತ್ತದೆ ಹೋದ. ಮತ್ತೊಂದು ಶನಿವಾರ, ಓದು ನಡುವೆ ಇರುವಾಗಲೇ, ಹಿಂದಿನ ಸಾಲಿನಿಂದ ಅನಸೂಯಾರ ದನಿ ಬಂತು:

“ಸಿಸ್ಟರ್, ಒಂದೀಟು ನಿಲ್ರಿ. ಆ ಹೆಣ್ಮಗಳ ಹೆಸರೇನಂದ್ರಿ?”

ಜುಬೇದಾ ಪುಸ್ತಕ ಕೆಳಗಿಳಿಸಿ ಹೆಸರು ಹೇಳಿದರು. ಅನಸೂಯಾ ಅದನ್ನು ಮೆಲ್ಲಗೆ ತಾವೂ ಒಮ್ಮೆ ಹೇಳಿಕೊಂಡರು. “ಹೂಂ, ಓದ್ರಿ,” ಎಂದರು.

ಈಗ ನನ್ನ ಪ್ಲೈವುಡ್ಡು ಉಬ್ಬಿ ಪದರು ಬಿಟ್ಟಿದೆ, ಸೀಮೆಸುಣ್ಣ ಹತ್ತುವುದಿಲ್ಲ. ಅಂಗಡಿಯ ಸುದ್ದಿಯೆಲ್ಲ ಮೊಬೈಲಿನಲ್ಲೇ ಹೋಗುತ್ತದಂತೆ. ನನ್ನನ್ನು ಹಿತ್ತಲ ಕೋಣೆಯಲ್ಲಿ ರದ್ದಿಯ ಕಟ್ಟುಗಳ ಹಿಂದೆ ನಿಲ್ಲಿಸಿದ್ದಾರೆ. ದುಃಖವೆಂದೇನೂ ಅನಿಸುವುದಿಲ್ಲ. ವಾರಕ್ಕೊಮ್ಮೆ ಗೋಡೆಯಾಚೆ ಕುರ್ಚಿ ಎಳೆಯುವ ಸದ್ದಾಗುತ್ತದೆ, ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಯಾರು, ಏನು ಓದುತ್ತಾರೆ ಎಂಬುದು ಮೊದಲೆಲ್ಲ ನನಗೆ ಮುಂಚೆಯೇ ತಿಳಿಯುತ್ತಿತ್ತು, ಈಗ ತಿಳಿಯುವುದಿಲ್ಲ. ಎಲ್ಲರ ಹಾಗೆ ನಾನೂ ಕೇಳುತ್ತ ಇರುತ್ತೇನೆ.